ಅಪ್ಪ ಕಂಡ ಢಾಕಾವನ್ನು ಎಲ್ಲಿ ಹುಡುಕಲಿ?

ಪ್ರಶ್ನೆ (ದಾವಣಗೆರೆ):
ಹಿರಿಯೂರು ಕಡೆಯವರಾದ ನಮ್ಮ ತಂದೆ 1971ರ ಯುದ್ಧದಲ್ಲಿ ಪೂರ್ವ ರಂಗದಲ್ಲಿದ್ದು, ಯುದ್ಧ ಮುಗಿದ ಮೇಲೂ ಕೆಲವು ವಾರ ಢಾಕಾದಲ್ಲಿದ್ದು ಊರಿಗೆ ಮರಳಿದರು. ಮಾರಿಕಣಿವೆಗಿಂತ ದೊಡ್ಡ ನೀರನ್ನೇ ಕಂಡಿರದ ತಾವು ಮೇಘನಾ ನದಿಯ ದಡದಲ್ಲಿ ನಿಂತು ಆಚೆಯ ದಡಕ್ಕಾಗಿ ಕಣ್ಣಾಡಿಸಿದ್ದನ್ನು ಮಾತ್ರ ಹೇಳುತ್ತಿದ್ದರು. ಮುಂದೇನಾಯಿತೆಂದು ಕೇಳಿದರೆ ಎದ್ದು ಹೊಲದ ಕಡೆ ಹೋಗಿಬಿಡುತ್ತಿದ್ದರು. ಅವರು ತೀರಿಕೊಂಡು ಎರಡು ವರ್ಷವಾಯಿತು. ಈ ಚಳಿಗಾಲದಲ್ಲಿ ಢಾಕಾಕ್ಕೆ ಹೋಗಬೇಕೆಂದಿದ್ದೇನೆ. ಲಾಲ್‌ಬಾಗ್ ಕೋಟೆ, ಅಹ್ಸಾನ್ ಮಂಜಿಲ್‌ಗಳನ್ನು ಎಲ್ಲ ಪ್ರವಾಸಿಗಳೂ ನೋಡುತ್ತಾರೆ. ಅಪ್ಪ ಕಂಡ ಢಾಕಾವನ್ನು ಎಲ್ಲಿ ಹುಡುಕಲಿ?

ಉತ್ತರ (ಚಿತ್ರದುರ್ಗ, ನಿವೃತ್ತ ಸೈನಿಕ):
ತಂಗೀ, ಮೊದಲು ಮನೆಯಲ್ಲಿಯೇ ಹುಡುಕಿ. ಡಿಸ್ಚಾರ್ಜ್ ಪುಸ್ತಕದಲ್ಲಿ ಅವರ ಸೈನಿಕ ಸಂಖ್ಯೆಯೂ ರೆಜಿಮೆಂಟಿನ ಹೆಸರೂ ಇರುತ್ತವೆ. ಅವನ್ನು ನಮೂದಿಸಿ ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಗೆ ಬರೆಯಿರಿ. ಉತ್ತರದಿಂದ ಟಾಂಗೈಲ್ ಮಾರ್ಗವಾಗಿ ಢಾಕಾ ತಲುಪಿದವರೂ ಇದ್ದರು. ಮೇಘನಾ ಎಂದಿದ್ದರೆ ನಿಮ್ಮ ತಂದೆ ತ್ರಿಪುರಾ ಕಡೆಯಿಂದ ನುಗ್ಗಿದ ನಮ್ಮ ಸೇನೆಯ ದೊಡ್ಡ ವಿಭಾಗವಾದ 4ನೇ ಕೋರಿನಲ್ಲಿದ್ದಿರಬೇಕು. ಆಶುಗಂಜ್ ಮತ್ತು ಭೈರವ್ ಬಜಾರ್ ನಡುವಿನ ರೈಲು ಸೇತುವೆಯನ್ನು ಪಾಕಿಸ್ತಾನಿ ಸೇನೆ ಸಿಡಿಸಿದ್ದರಿಂದ, ನಮ್ಮವರು ಹೆಲಿಕಾಪ್ಟರುಗಳಲ್ಲಿಯೂ ಹಳ್ಳಿಗರ ದೋಣಿಗಳಲ್ಲಿಯೂ ಆ ನದಿಯನ್ನು ದಾಟಿದರು. ಢಾಕಾದಿಂದ ಚಟ್ಟಗ್ರಾಮದ ಕಡೆ ಹೋಗುವ ರೈಲು ಈಗಲೂ ಅಲ್ಲಿಯೇ ಮೇಘನಾವನ್ನು ದಾಟುತ್ತದೆ. ಕೋಟೆಗಿಂತ ಮೊದಲು ಅದನ್ನು ನೋಡಿ.

ಉತ್ತರ (ದಾವಣಗೆರೆ):
ನಮ್ಮ ಸೋದರಮಾವನೂ ಅಲ್ಲಿ ಸೇವೆ ಸಲ್ಲಿಸಿದ್ದರಿಂದ ನಾನು ಒಮ್ಮೆ ಹೋಗಿ ಬಂದಿದ್ದೇನೆ. ಡಿಸೆಂಬರ್ 16ರಂದು ಪಾಕಿಸ್ತಾನಿ ಸೇನಾನಾಯಕ ನಿಯಾಜಿಯವರು ನಮ್ಮ ಸೇನೆಯ ಜಗಜಿತ್ ಸಿಂಗ್ ಅರೋರಾ ಅವರೆದುರು ಶರಣಾಗತಿ ಪತ್ರಕ್ಕೆ ಸಹಿ ಹಾಕಿದ ರಮ್ನಾ ರೇಸ್‌ಕೋರ್ಸ್ ಈಗ ಸುಹ್ರವರ್ದಿ ಉದ್ಯಾನವಾಗಿದೆ. ಅಗರ್‌ಗಾಂವ್‌ನಲ್ಲಿ ವಿಮೋಚನಾ ಯುದ್ಧದ ವಸ್ತುಸಂಗ್ರಹಾಲಯವಿದೆ. ಆದರೆ ರಾಯೇರ್ ಬಜಾರಿನ ಸ್ಮಾರಕವನ್ನು ಬಿಡಬೇಡಿ. ಶರಣಾಗತಿಗೆ ಎರಡೇ ದಿನ ಮೊದಲು ಪಾಕಿಸ್ತಾನಿ ಸೇನೆ ಮತ್ತು ಅದರ ಬೆಂಬಲಿಗರು ಮನೆಗಳಿಂದ ಎಳೆದೊಯ್ದು ಕೊಂದ ಪ್ರಾಧ್ಯಾಪಕರು, ವೈದ್ಯರು, ಪತ್ರಕರ್ತರ ಶವಗಳು ಸಿಕ್ಕ ಸ್ಥಳವದು. ಆ ವಾರ ಊರೊಳಗೆ ಕಾಲಿಟ್ಟ ಸೈನಿಕರು ಏನೇನನ್ನು ಕಾಣಬೇಕಾಗಿ ಬಂದಿರಬಹುದೆಂದು ಅಲ್ಲಿ ನಿಂತಾಗ ನನಗೆ ಹೊಳೆಯಿತು. ನಿಮ್ಮ ತಂದೆ ಎದ್ದು ಹೊಲದ ಕಡೆ ಹೋಗುತ್ತಿದ್ದರೆಂಬುದನ್ನು ಓದಿದಾಗ ಆ ಜಾಗವೇ ಕಣ್ಣೆದುರು ಬಂತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞಳಾಗಿದ್ದೇನೆ. ಡಿಸ್ಚಾರ್ಜ್ ಪುಸ್ತಕ ಅಮ್ಮನ ಟ್ರಂಕಿನಲ್ಲಿ ಸಿಕ್ಕಿತು. ಅದರೊಳಗೆ ಢಾಕಾದಿಂದ ಬಂದ ಒಂದು ಕಾಗದವೂ ಇತ್ತು. ಎಲ್ಲರೂ ಕ್ಷೇಮವೇ, ಮಳೆ ಬಂತೇ ಎಂಬುದಷ್ಟೇ ಅದರಲ್ಲಿದೆ. ಅಮ್ಮ ತಾನೂ ಬರುವೆನೆಂದು ಹೇಳಿದ್ದಾಳೆ. ಮೇಘನಾ ದಾಟುವಾಗ ಅವಳನ್ನು ಕಿಟಕಿಯ ಪಕ್ಕ ಕೂರಿಸುತ್ತೇನೆ.