28 ನಿಮಿಷದಾಗ ಬೆಂಗಳೂರು?

ದೊಡ್ಡಪ್ಪ (ಗದಗ): [ಫಾರ್ವರ್ಡ್] ಹುಬ್ಬಳ್ಳಿ–ಬೆಂಗಳೂರು. ವಿಮಾನದ ದೂರ 370 ಕಿ.ಮೀ. ಹಾರಾಟದ ಸಮಯ 28 ನಿಮಿಷ.

ದೊಡ್ಡಪ್ಪ (ಗದಗ): ಎಲ್ಲಾರೂ ನೋಡ್ರಿ. ಮಂಗಳವಾರ ಅವ್ವನ್ನ ವಿಮಾನದಾಗ ಕರಕೊಂಡು ಹೋಗೂದು. ಜಯನಗರದ ಕಣ್ಣಿನ ಡಾಕ್ಟ್ರು 11ಕ್ಕ ಬಾ ಅಂದಾರ. ಮುಂಜಾನಿ ಹತ್ತಿದ್ರ ಆರಾಮ ಮುಟ್ಟತೀವಿ.

ಕಾಕಾ (ಧಾರವಾಡ): ಬೆಸ್ಟ್ ಆತು. ಅವ್ವಗ ಕುಂತು ಕುಂತು ಸೊಂಟ ಹಿಡಿಯೂದು ತಪ್ಪತದ.

ವಿದ್ಯಾ (ಹುಬ್ಬಳ್ಳಿ): ದೊಡ್ಡಪ್ಪಾ, ಟಿಕೆಟ್ ತಗೀಬ್ಯಾಡ್ರಿ, ಸ್ವಲ್ಪ ತಡೀರಿ. ಆ 28 ನಿಮಿಷ ಎಲ್ಲಿಂದ ಬಂತು ಗೊತ್ತೇನ್ರಿ? 370ನ್ನ 800ರಿಂದ ಭಾಗಿಸ್ಯಾರ, ಅಷ್ಟ. ದೊಡ್ಡ ಜೆಟ್ ಮ್ಯಾಲೆ ಏರಿದ ಮ್ಯಾಲೆ ಓಡೂ ವೇಗ ಅದು. ಇಂಥಾ ಸಣ್ಣ ದಾರಿಗೆ ಹೆಚ್ಚಾಗಿ ಪಂಖಾದ ಎಟಿಆರ್ ವಿಮಾನ ಹಾರಸ್ತಾರ, ಅದರ ವೇಗ ತಾಸಿಗೆ 500 ಕಿ.ಮೀ. ಆಸುಪಾಸು. ಅದೂ ಮ್ಯಾಲೆ ಏರೂಮುಂದ, ಕೆಳಗ ಇಳಿಯೂಮುಂದ ಸಿಗಂಗಿಲ್ಲ. ರನ್‌ವೇ ತನಕ ಉರುಳೂದು, ಗಾಳಿಗೆ ಎದುರಾಗಿ ಇಳಿಯಾಕ ಸುತ್ತು ಹಾಕೂದು, ಇಳಿದ ಮ್ಯಾಲೆ ನಿಲ್ಲೂ ಜಾಗಾಕ್ಕ ಹೋಗೂದು, ಎಲ್ಲಾ ಸೇರಿ ಟಿಕೆಟ್ ಮ್ಯಾಲೆ ಒಂದು ತಾಸಿಗಿಂತ ಜಾಸ್ತಿನ ಬರದಿರತಾರ.

ಕಾಕಾ (ಧಾರವಾಡ): ಒಂದ ತಾಸ ಅನ್ನು. ಆದ್ರೂ ರೈಲಿಗಿಂತ ಎಷ್ಟ ಲಗೂ! ವಂದೇ ಭಾರತ್‌ಗೂ ಆರು ತಾಸು ಬೇಕು.

ವಿದ್ಯಾ (ಹುಬ್ಬಳ್ಳಿ): ಕಾಕಾ, ಅಜ್ಜಿ ಹೊರಡೂದು ಹುಬ್ಬಳ್ಳಿ ಏರ್‌ಪೋರ್ಟ್ ಇರೂ ಗೋಕುಲ ರೋಡಿಂದ ಅಲ್ಲ, ಗದಗದಿಂದ. ಏರ್‌ಪೋರ್ಟಿಗೆ ಬರಾಕನ ಸುಮಾರು 60 ಕಿ.ಮೀ. ಚೆಕ್-ಇನ್ ಕೌಂಟರ್ ವಿಮಾನ ಬಿಡೂ ಒಂದು ತಾಸು ಮೊದಲ ಬಂದ್. ಅಜ್ಜಿಗೆ ವೀಲ್‌ಚೇರ್ ಹೇಳಬೇಕು, ವೀಲ್‌ಚೇರಿನವರನ್ನ ಎಲ್ಲಾರೂ ಇಳಿದ ಮ್ಯಾಲೆ ಇಳಸ್ತಾರ. ಆಮ್ಯಾಲೆ ಬ್ಯಾಗ್ ಬರೂತನಕ ಬೆಲ್ಟಿನ ಮುಂದ ನಿಂದರಬೇಕು. ಬೆಂಗಳೂರಿನ ಏರ್‌ಪೋರ್ಟ್ ದೇವನಹಳ್ಳಿ ಕಡೆ, ಊರಿನ ಉತ್ತರಕ್ಕ. ಜಯನಗರ ದಕ್ಷಿಣಕ್ಕ. ನಡುವ 40 ಕಿ.ಮೀ. ಮ್ಯಾಲೆ, ಅದೂ ಆಫೀಸ್ ಹೊತ್ತಿನ ಟ್ರಾಫಿಕ್ಕಿನಾಗ ಹೆಬ್ಬಾಳ ದಾಟಬೇಕು. ನಸುಕಿನಾಗ ಎಬ್ಬಿಸಿದ್ರೂ 11ಕ್ಕ ಮುಟ್ಟೂದು ಖಾತ್ರಿ ಇಲ್ಲ.

ಅತ್ತಿ (ಹಾವೇರಿ): ಹುಡುಗಿ ಹೇಳೂದು ಖರೆ ಐತಿ. ಅವ್ವಗ ಅಷ್ಟು ಸಲ ಹತ್ತಿ ಇಳಿಯೂದ ದೊಡ್ಡ ತ್ರಾಸು.

ದೊಡ್ಡಪ್ಪ (ಗದಗ): ರೈಲಿನಾಗ ರಾತ್ರಿಪೂರ್ತಿ ಅಲ್ಲವಾ ತಂಗಿ? ಹಳಿ ಮ್ಯಾಲೆ ದೂರಾನೂ ಜಾಸ್ತಿ.

ವಿದ್ಯಾ (ಹುಬ್ಬಳ್ಳಿ): ಹೌದ್ರಿ. ಹುಬ್ಬಳ್ಳಿಯಿಂದ ರಸ್ತೆ 410 ಇದ್ರ, ಹಳಿ 469 ಕಿ.ಮೀ. ದಾವಣಗೆರೆ, ಅರಸೀಕೆರೆ, ತುಮಕೂರು ಸುತ್ತಿ ಹೋಗತೈತಿ. ಆದ್ರ ಗೋಲಗುಂಬಜ್ ಎಕ್ಸ್‌ಪ್ರೆಸ್ ರಾತ್ರಿ ನಿಮ್ಮ ಗದಗಕ್ಕನ ಬರತೈತಿ. ಅಲ್ಲಿ ಹತ್ತಿದ್ರ ಬೆಳಿಗ್ಗಿ ಬೆಂಗಳೂರಿನಾಗ ಇಳಿಯೂದು, ನಡುವ ಎಲ್ಲೂ ಬದಲಿ ಇಲ್ಲ. ಹಿರಿಯರ ಕೋಟಾದಾಗ ಕೆಳಗಿನ ಬರ್ತ್ ಕೇಳೂಣು, ಅಜ್ಜಿ ಕಾಲು ಚಾಚಿ ಮಲಗತಾಳ. ಮಾರಿ ತೊಳಕೊಂಡು, ನಾಷ್ಟಾ ಮಾಡಿ ಹೋದ್ರೂ ಡಾಕ್ಟ್ರ ಕಡೆ ಹೊತ್ತಿಗೆ ಸರಿಯಾಗಿ ಇರತೀವಿ.

ಕಾಕಾ (ಧಾರವಾಡ): ಹಂಗಾದ್ರ ಬರೂಮುಂದ ವಿಮಾನ. ಆಗ ಯಾರೂ ಕಾಯಂಗಿಲ್ಲ, ತಡಾ ಆದ್ರೂ ನಡೀತದ. ಅವ್ವ ಒಮ್ಮೆರೆ ವಿಮಾನ ಹತ್ತಲಿ.

ವಿದ್ಯಾ (ಹುಬ್ಬಳ್ಳಿ): ಅದಕ್ಕ ನನ್ನ ಪೂರ್ತಿ ಒಪ್ಪಿಗಿ ಐತ್ರಿ ಕಾಕಾ. ಡಾಕ್ಟ್ರು ಕಣ್ಣಿಗೆ ಏನು ಮಾಡತಾರ ನೋಡಿ, ವಿಮಾನ ಹತ್ತಬಹುದೇನು ಅಂತ ಅವರನ್ನ ಕೇಳಿ, ಆಮ್ಯಾಲೆ ಟಿಕೆಟ್ ತಗಿಯೂಣು.

ದೊಡ್ಡಪ್ಪ (ಗದಗ): ಆತು. ಅವ್ವನ ಆಧಾರ್ ಫೋಟೋ ಕಳಸ್ತೇನಿ, ಬರ್ತ್ ಐತೇನು ನೋಡು. ನನಗೂ ಸೇರಿಸಿ ಎರಡು ತಗಿ.