ಗುರಿ ಬರೆದು ಗೋಡೆಗೆ ಅಂಟಿಸಿದರೆ ಕೆಎಎಸ್ ಆಗುತ್ತದೆಯೇ? ಅನುಭವ ಇದ್ದವರು ಹೇಳಿ

ತುಮಕೂರಿನ ಅಣ್ಣ:
ತಂಗಿ ಬಿ.ಕಾಂ. ಮುಗಿಸಿ ಬೆಂಗಳೂರಿನ ವಿಜಯನಗರದ ಪಿಜಿಯಲ್ಲಿದ್ದುಕೊಂಡು ಕೆಎಎಸ್‌ಗೆ (ಕರ್ನಾಟಕ ಆಡಳಿತ ಸೇವೆಗೆ) ಓದುತ್ತಿದ್ದಾಳೆ. ಸಕಾರಾತ್ಮಕ ಚಿಂತನೆ, ಗುರಿ ನಿರ್ಧಾರ ಎಂದು ಎರಡು ದಿನಗಳ ಕಾರ್ಯಾಗಾರವಂತೆ, 8,500 ರೂಪಾಯಿ ಶುಲ್ಕ. ಕಟ್ಟಬಹುದೇ? ಇತ್ತೀಚೆಗೆ ಅವಳಿಗೆ ರಾತ್ರಿ ನಿದ್ರೆಯೂ ಬರುತ್ತಿಲ್ಲ. ಅದಕ್ಕೂ ಇದರಿಂದ ಉಪಯೋಗವಾದೀತೇ?

ಸಪ್ತಾಪುರದ ಹಳಬ:
ಒಂದು ರೂಪಾಯಿಯನ್ನೂ ಕಟ್ಟಬೇಡಿ. ಧಾರವಾಡದ ಸಪ್ತಾಪುರದ ನಮ್ಮ ಕೊಠಡಿಯ ಗೋಡೆಯ ಮೇಲೂ ‘ಪಿಎಸ್‌ಐ’ ಎಂದು ಕೆಂಪು ಅಕ್ಷರದಲ್ಲಿ ಬರೆದಿತ್ತು. ಬಾಡಿಗೆಯಲ್ಲಿ ನನ್ನ ಪಾಲು 1,800, ಮೆಸ್‌ಗೆ 2,600, ವಾಚನಾಲಯದ ಕುರ್ಚಿಗೆ 600, ಟೆಸ್ಟ್ ಸರಣಿಗೆ 3,500, ಓಟದ ಬೂಟಿಗೆ 2,150. ಆ ಬೂಟಿನ ಅಟ್ಟೆ ಮೊದಲ ಮಳೆಗೇ ಬಾಯಿ ಬಿಟ್ಟಿತು, ಹೊಲಿಸಿದ್ದಕ್ಕೆ ಮತ್ತೆ 120. ಇದಕ್ಕೆಲ್ಲ ಅಪ್ಪ ಸೊಸೈಟಿಯಲ್ಲಿ ಸಾಲ ಎತ್ತಿದ್ದರು. 2021ರ ಅಕ್ಟೋಬರ್ 3ರಂದು 545 ಹುದ್ದೆಗಳ ಪರೀಕ್ಷೆ. ತಾತ್ಕಾಲಿಕ ಪಟ್ಟಿಯಲ್ಲಿ ನನ್ನ ಹೆಸರೂ ಬಂತು, ಊರಿಗೆಲ್ಲ ಪೇಢೆ ಹಂಚಿದ್ದೂ ಆಯಿತು. ಆಮೇಲೆ ಬ್ಲೂಟೂತ್‌ನಲ್ಲಿ ಉತ್ತರ ಕೇಳಿ ಬರೆದವರು, ತಿದ್ದಿದ ಓಎಂಆರ್ ಉತ್ತರ ಹಾಳೆ, ಬಂಧನಗಳು. ಎಲ್ಲ ನಿಮಗೆ ಗೊತ್ತಿರುವುದೇ. 2022ರ ಏಪ್ರಿಲ್‌ನಲ್ಲಿ ಇಡೀ ಪರೀಕ್ಷೆಯೇ ರದ್ದು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ಅಷ್ಟರಲ್ಲಿ ಅಪ್ಪ ಪಾರ್ಶ್ವವಾಯುವಿನಿಂದ ಮಲಗಿದ್ದರು, ನಾನು ಗೊಬ್ಬರದ ಅಂಗಡಿಯ ಗಲ್ಲಾದಲ್ಲಿ ಕುಳಿತಿದ್ದೆ. ನನ್ನ ಚಿಂತನೆ ಸಕಾರಾತ್ಮಕವಾಗಿರಲಿಲ್ಲ ಎಂದು ಪರೀಕ್ಷೆ ರದ್ದಾಯಿತೇ? ಕಾರ್ಯಾಗಾರದವರನ್ನು ಇದೊಂದು ಕೇಳಿ ನೋಡಿ.

ಎಫ್‌ಡಿಎ ಅಕ್ಕ, ಹಾಸನ:
ನಿಮಗೆ ಅನ್ಯಾಯವಾಗಿದೆ, ಒಪ್ಪಿದೆ. ಹಾಗೆಂದು ಓದುವ ಹುಡುಗಿಯ ಉತ್ಸಾಹಕ್ಕೆ ತಣ್ಣೀರೆರಚಬೇಡಿ. ಇಂಥದ್ದೇ ಕಾರ್ಯಾಗಾರಕ್ಕೆ ನಾನು ಓಲೆ ಅಡವಿಟ್ಟು 6,000 ಕಟ್ಟಿದ್ದೆ. ಬಡ್ಡಿ ಸೇರಿ ಬಿಡಿಸಿಕೊಳ್ಳುವಾಗ 7,340 ಆಯಿತು. ಒಂದು ಪೈಸೆಯ ಬಗ್ಗೆಯೂ ಬೇಸರವಿಲ್ಲ. ಅದಕ್ಕೆ ಮುಂಚೆ ನನ್ನ ಡೈರಿಯಲ್ಲಿದ್ದದ್ದು ‘ಚೆನ್ನಾಗಿ ಓದಬೇಕು’ ಎಂಬ ಒಂದೇ ಸಾಲು. ಆಮೇಲೆ ‘ರಾತ್ರಿ ಪಾತ್ರೆ ತೊಳೆದಿಟ್ಟ ಕೂಡಲೇ ಸಂವಿಧಾನದ ಇಪ್ಪತ್ತು ಪ್ರಶ್ನೆ, ತಪ್ಪಿದ್ದನ್ನು ಬೆಳಿಗ್ಗೆ ಹಾಲು ಕಾಯುವಷ್ಟರಲ್ಲಿ ನೋಡುವುದು’ ಎಂದು ಬರೆಯತೊಡಗಿದೆ. ಅತ್ತೆ ನಕ್ಕರು, ನಾದಿನಿ ಆ ಡೈರಿಯನ್ನು ಓದಿ ಮನೆಯವರಿಗೆಲ್ಲ ಹೇಳಿದಳು. ನಾನು ಮಾತ್ರ ದಿನವೂ ಕನ್ನಡಿಯ ಮುಂದೆ ನಿಂತು ‘ಆಗಿಯೇ ತೀರುತ್ತೇನೆ’ ಎಂದೆ, ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕಿ) ಆದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 1953ರ ತಂಡದಲ್ಲಿ ಗುರಿ ಬರೆದಿಟ್ಟಿದ್ದ ಶೇ 3ರಷ್ಟು ವಿದ್ಯಾರ್ಥಿಗಳು ಮುಂದೆ ಉಳಿದವರೆಲ್ಲರ ಒಟ್ಟು ಸಂಪತ್ತನ್ನೂ ಮೀರಿಸಿದರಂತೆ. ಸುಮ್ಮನೆ ಹೇಳುತ್ತಾರೆಯೇ?

ಉಪನ್ಯಾಸಕ, ಮೈಸೂರು:
ಸುಮ್ಮನೆಯೇ ಹೇಳುತ್ತಾರೆ ಮೇಡಂ. ಅಂಥ ಅಧ್ಯಯನ ನಡೆದೇ ಇಲ್ಲ, ಹಾಗೆಂದು ಯೇಲ್‌ನವರೇ ತಿಳಿಸಿದ್ದಾರೆ. ಗುರಿಯ ಬಗ್ಗೆ ನಿಜವಾಗಿ ಕೆಲಸ ಮಾಡಿದವರು ಮನೋವಿಜ್ಞಾನಿಗಳಾದ ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್. ಕೈಲಾದಷ್ಟು ಮಾಡು ಎನ್ನುವುದಕ್ಕಿಂತ ಖಚಿತವಾದ, ತುಸು ಕಠಿಣವಾದ ಗುರಿ ಹೆಚ್ಚು ಕೆಲಸ ಮಾಡಿಸುತ್ತದೆ ಎಂದು ತೋರಿಸಿದರು. ಪಾತ್ರೆ ತೊಳೆದ ಕೂಡಲೇ ಇಂಥದ್ದು ಎಂದು ನೀವು ಬರೆದುಕೊಂಡಿರಲ್ಲ, ಆ ಬಗೆಯ ಸಂಕಲ್ಪವನ್ನು ಪೀಟರ್ ಗೋಲ್‌ವಿಟ್ಜರ್ ಪರೀಕ್ಷಿಸಿದ್ದಾರೆ. ನಿಮ್ಮನ್ನು ದಡ ಸೇರಿಸಿದ್ದು ಅದು, ಕನ್ನಡಿಯಲ್ಲ. ಕೆಲಸ ಸಿಕ್ಕಂತೆ ಹೆಚ್ಚು ಹಗಲುಗನಸು ಕಂಡ ಜರ್ಮನಿಯ ಪದವೀಧರರಿಗೆ ಎರಡು ವರ್ಷಗಳ ನಂತರ ಕೆಲಸದ ಕರೆಯೂ ಕಡಿಮೆ, ಸಂಬಳವೂ ಕಡಿಮೆ ಎಂದು ಗೇಬ್ರಿಯೆಲ್ ಓಟಿಂಗೆನ್ ಅವರ 2002ರ ಅಧ್ಯಯನ ಹೇಳುತ್ತದೆ. ಸಿಕ್ಕೀತೆಂಬ ನಿರೀಕ್ಷೆ ಇಟ್ಟುಕೊಂಡವರು ಮಾತ್ರ ಮೇಲಾದರು. ನಿರೀಕ್ಷೆ ಬೇರೆ, ಕನಸು ಬೇರೆ. ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡಿ, ಬೈಂಡಿಂಗ್‌ಗೇ 4,200 ಸುರಿದ ನಾನು ಇಂದಿಗೂ ಅತಿಥಿ ಉಪನ್ಯಾಸಕ. ರಜೆಯಲ್ಲಿ ಗೌರವಧನವೂ ಇಲ್ಲ.

ಎಫ್‌ಡಿಎ ಅಕ್ಕ, ಹಾಸನ:
ಹಾಗಾದರೆ ಕನ್ನಡಿಯೇ ವಾಸಿ. ನನಗೆ ರಜೆಯಲ್ಲೂ ಸಂಬಳ ಬರುತ್ತದೆ.

ತುಮಕೂರಿನ ಅಣ್ಣ:
ಎಲ್ಲರಿಗೂ ಧನ್ಯವಾದ. ನಿದ್ರೆಯ ವಿಷಯ ಯಾರಾದರೂ ಹೇಳುತ್ತೀರಾ?

ಕಲಬುರಗಿಯ ಅಭ್ಯರ್ಥಿ:
ನಿದ್ರೆ ಯಾರಿಗಿದೆ ಅಣ್ಣಾ! ಕೆಎಎಸ್‌ನ 384 ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27, ಮಂಗಳವಾರ. ಖಾಸಗಿ ಕೆಲಸದಲ್ಲಿದ್ದ ನನಗೆ ರಜೆ ಕೊಡಲಿಲ್ಲ, ಸಂಬಳ ಕಡಿತ 640. ಲಾಡ್ಜ್ 750, ಬಸ್ಸಿಗೆ ಹೋಗಿಬರಲು 1,060 (ಅಕ್ಕಂದಿರಿಗೆ ಉಚಿತ, ಇರಲಿ). ಕನ್ನಡ ಪ್ರಶ್ನೆಗಳ ಅನುವಾದ ಹೇಗಿತ್ತೆಂದರೆ ಇಂಗ್ಲಿಷ್ ನೋಡದೆ ತಲೆಬುಡ ತಿಳಿಯುತ್ತಿರಲಿಲ್ಲ. ನನ್ನ ಕೊಠಡಿಯ ಗೆಳೆಯನೂ ಒಂದು ಸಕಾರಾತ್ಮಕ ಶಿಬಿರಕ್ಕೆ ಹೋಗಿ ಬಂದವನು. ‘ನಂಬಿಕೆ ಇರಬೇಕು’ ಎನ್ನುತ್ತ ಗೊತ್ತಿಲ್ಲದ ಪ್ರಶ್ನೆಗಳಿಗೂ ವೃತ್ತ ತುಂಬಿದ. ತಪ್ಪಿಗೆ ಕಾಲು ಭಾಗ ಅಂಕ ಕಡಿತವೆಂಬುದಕ್ಕೆ ನಂಬಿಕೆಯ ಹಂಗಿಲ್ಲವಲ್ಲ! ಕೀ ಉತ್ತರ ಬಂದ ದಿನ ಅವನು ಊಟ ಮಾಡಲಿಲ್ಲ. ಆ ಅನುವಾದದ ತಪ್ಪುಗಳಿಂದಾಗಿಯೇ ಡಿಸೆಂಬರ್ 29ಕ್ಕೆ ಮತ್ತೆ ಪರೀಕ್ಷೆ, ಮತ್ತೆ ಅನುವಾದದ ಗೋಳು. ಗುರಿ ಇಟ್ಟುಕೊಳ್ಳುವುದಾದರೆ ‘ಯಾವ ಪ್ರಶ್ನೆಯನ್ನು ಬಿಡಬೇಕು’ ಎಂಬುದನ್ನು ಇಟ್ಟುಕೊಳ್ಳಲಿ ನಿಮ್ಮ ತಂಗಿ.

ಎಫ್‌ಡಿಎ ಅಕ್ಕ, ಹಾಸನ:
ಉಚಿತ ಬಸ್ಸನ್ನು ಇಲ್ಲಿಗೇಕೆ ಎಳೆದು ತಂದಿರಿ? ಅದು 2023ರಲ್ಲಿ ಬಂದದ್ದು. ನಾನು ಓದುವ ಕಾಲಕ್ಕೆ ಟಿಕೆಟ್ ಕೊಂಡು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಪರೀಕ್ಷೆಗೆ ಹೋದವಳು.

ಉಪನ್ಯಾಸಕ, ಮೈಸೂರು:
ಗೆಳೆಯನ ವಿಷಯ ಬರೆದಿರಲ್ಲ, ಓಟಿಂಗೆನ್ ಹೇಳಿದ್ದೂ ಅದನ್ನೇ. ಗುರಿಯ ಜೊತೆಗೆ ಅಡ್ಡಿಯನ್ನೂ ಎದುರಿಗಿಟ್ಟುಕೊಳ್ಳಬೇಕು ಎಂದು...

ಸಪ್ತಾಪುರದ ಹಳಬ:
ಸರ್, ಅಡ್ಡಿ ಓಎಂಆರ್ ಹಾಳೆ ತಿದ್ದುವವನಾದರೆ ಅವನನ್ನು ಎಲ್ಲಿಡಬೇಕು? ನಿಮ್ಮ ಜರ್ಮನಿಯಲ್ಲಿ ಬ್ಲೂಟೂತ್ ಇಟ್ಟುಕೊಂಡು ಬರೆದವರಿದ್ದರೇ?

ವಿಜಯನಗರ ಮೂರನೇ ಮಹಡಿ:
ಎಲ್ಲ ಬಿಡಿ, ಹಳಬರೇ. ಧಾರವಾಡದಲ್ಲಿ 2,600ಕ್ಕೆ ಎರಡು ಹೊತ್ತಿನ ಊಟವೇ? ಇಲ್ಲಿ ನಾನು 4,500 ಕೊಡುತ್ತೇನೆ, ಸಾರಿನಲ್ಲಿ ಬೇಳೆ ಹುಡುಕಬೇಕು. ಪಿಜಿಗೆ 7,000 ಬೇರೆ, ಅದರಲ್ಲಿ ಕಿಟಕಿಯಿಲ್ಲ. ಅಣ್ಣನವರು ತಂಗಿಯನ್ನು ಧಾರವಾಡಕ್ಕೆ ಕಳಿಸಿದರೆ ಆ 8,500ರಲ್ಲಿ ಮೂರು ತಿಂಗಳ ಊಟ ಮುಗಿಯುತ್ತದೆ.

ಕಲಬುರಗಿಯ ಅಭ್ಯರ್ಥಿ:
ಅದು ಹಳೆಯ ದರ. ಈಗ ಸಪ್ತಾಪುರದಲ್ಲಿ ಆ ದುಡ್ಡಿಗೆ ಒಂದೇ ಹೊತ್ತು. ಗೊತ್ತಿಲ್ಲದವರು ದಾರಿ ತಪ್ಪಿಸಬೇಡಿ.

ಸಪ್ತಾಪುರದ ಹಳಬ:
ಯಾರು ದಾರಿ ತಪ್ಪಿಸಿದ್ದು? ಮೆಸ್‌ನ ಚೀಟಿ ಇನ್ನೂ ನನ್ನ ಬಳಿ ಇದೆ. ಎರಡು ಹೊತ್ತು, ಜೋಳದ ರೊಟ್ಟಿ, ಎರಡು ಪಲ್ಯ, 2,600. ಭಾನುವಾರ ರಾತ್ರಿ ಬಂದ್, ಅಂದಿನ ಗಿರ್ಮಿಟ್ಟಿನ ಖರ್ಚು ನಾನು ಲೆಕ್ಕಕ್ಕೇ ಹಿಡಿದಿಲ್ಲ.