ಪೂರ್ವಗ್ರಹದ ಬಗ್ಗೆ ವಿದ್ಯಾರ್ಥಿಗಳಿಗೆ ಯಾವ ಸಿನಿಮಾ? ‘ನಥಿಂಗ್ ಬಟ್ ಎ ಮ್ಯಾನ್’ ನೋಡಿದವರ, ತೋರಿಸಿದವರ ಅನುಭವ

ಕೇಳಿದವರು: ಪದವಿ ಕಾಲೇಜು ಅಧ್ಯಾಪಕಿ, ಹಾಸನ

ನಮ್ಮ ಕಾಲೇಜಿನಲ್ಲಿ ತಿಂಗಳಿಗೊಂದು ಸಿನಿಮಾ ತೋರಿಸಿ ಮಾತಾಡುತ್ತೇವೆ. ಈ ಸಲದ ವಿಷಯ ಪೂರ್ವಗ್ರಹ. ಭಾಷಣ ಹೊಡೆಯುವ ಚಿತ್ರ ಬೇಡ, ಅಂಥದ್ದಕ್ಕೆ ಮಕ್ಕಳು ಚಪ್ಪಾಳೆ ತಟ್ಟಿ ಎದ್ದು ಹೋಗುತ್ತಾರೆ. ಒಬ್ಬರು ‘ನಥಿಂಗ್ ಬಟ್ ಎ ಮ್ಯಾನ್’ ಅಂದರು. ನಾನು ಹೆಸರೇ ಕೇಳಿರಲಿಲ್ಲ. ನೋಡಿದವರು, ತೋರಿಸಿದವರು ಇದ್ದರೆ ದಯವಿಟ್ಟು ಹೇಳಿ.

ಫಿಲ್ಮ್ ಸೊಸೈಟಿಯವರು, ಮೈಸೂರು

ಮೇಡಂ, ಧೈರ್ಯವಾಗಿ ತೋರಿಸಿ. ಯಾರು ಕೇಳಿದರೂ ನಾನು ಮೊದಲು ಹೇಳುವುದು ಈ ಚಿತ್ರದ ಹೆಸರನ್ನೇ. 1964ರ ಕಪ್ಪು ಬಿಳುಪು ಸಿನಿಮಾ, ಒಂದೂವರೆ ಗಂಟೆಯದು. ನಿರ್ದೇಶನ ಮೈಕಲ್ ರೋಮರ್. ಚಿತ್ರಕಥೆಯನ್ನು ಅವರು ರಾಬರ್ಟ್ ಎಂ. ಯಂಗ್ ಜೊತೆ ಬರೆದರು, ಕ್ಯಾಮೆರಾ ಯಂಗ್ ಅವರದು.

ಕಥೆ ಅಮೆರಿಕದ ಅಲಬಾಮಾದ್ದು. ಡಫ್ ಅಂಡರ್ಸನ್ ಕಪ್ಪು ಜನಾಂಗದ ರೈಲ್ವೆ ಗ್ಯಾಂಗ್‌ಮನ್. ಹಳಿ ಕೆಲಸದವರ ಜೊತೆ ಊರೂರು ಅಲೆಯುತ್ತಾನೆ, ಕೈಯಲ್ಲಿ ಒಳ್ಳೆ ಸಂಬಳ, ಯಾರ ಹಂಗೂ ಇಲ್ಲ. ಪಾದ್ರಿಯ ಮಗಳು, ಶಾಲೆ ಟೀಚರ್ ಜೋಸಿಯನ್ನು ಮೆಚ್ಚಿ ಮದುವೆಯಾಗುತ್ತಾನೆ. ಸಂಸಾರ ಹೂಡಬೇಕಾದರೆ ಒಂದೂರಲ್ಲಿ ನಿಲ್ಲಬೇಕಲ್ಲ, ಗ್ಯಾಂಗ್ ಬಿಟ್ಟು ಮರದ ಮಿಲ್ಲಿಗೆ ಸೇರುತ್ತಾನೆ. ಕಷ್ಟ ಶುರುವಾಗುವುದೇ ಅಲ್ಲಿಂದ. ಇವತ್ತು ಬಂದು ನಾಳೆ ಹೋಗುವವನ ಗೊಡವೆ ಬಿಳಿಯರಿಗೆ ಬೇಕಿರಲಿಲ್ಲ. ಊರಲ್ಲೇ ನೆಲೆ ನಿಂತವನು ಮಾತ್ರ ಬಗ್ಗಿ ನಡೆಯಬೇಕು.

ನಾವು ಒಗ್ಗಟ್ಟಾಗಿರಬೇಕು ಅಂತ ಜೊತೆ ಕೆಲಸಗಾರರಿಗೆ ಹೇಳುತ್ತಾನೆ. ಆ ಮಾತು ಹೇಗೋ ಮೇಲಿನವರ ಕಿವಿಗೆ ಬೀಳುತ್ತದೆ. ಎಲ್ಲರೆದುರು ಮಾತು ವಾಪಸ್ ತಗೋ ಅನ್ನುತ್ತಾರೆ, ಅವನು ಒಪ್ಪುವುದಿಲ್ಲ, ಕೆಲಸ ಹೋಗುತ್ತದೆ. ಆಮೇಲೆ ಎಲ್ಲಿ ಕೆಲಸ ಕೇಳಲು ಹೋದರೂ ಅವನಿಗಿಂತ ಮೊದಲೇ ಅವನ ಸುದ್ದಿ ಅಲ್ಲಿ ತಲುಪಿರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಸಿಕ್ಕ ಕೆಲಸವೂ ಉಳಿಯುವುದಿಲ್ಲ. ಬಿಳಿಯ ಗಿರಾಕಿಗಳು ಕೆಣಕಿದಾಗ ಇವನು ತಗ್ಗುವುದಿಲ್ಲ, ಮಾಲೀಕ ತನಗೆ ತೊಂದರೆ ಬೇಡ ಎಂದು ಕಳಿಸಿಬಿಡುತ್ತಾನೆ.

ಚಿತ್ರದಲ್ಲಿ ಹಕ್ಕಿಗಾಗಿ ಮೆರವಣಿಗೆ ಇಲ್ಲ, ಕಪ್ಪು ಜನರ ಮೇಲೆ ಬೀಳುತ್ತಿದ್ದ, ಮುಸುಕು ಹಾಕಿದ ಬಿಳಿಯರ ಗುಂಪೂ ಇಲ್ಲ. ಚಿತ್ರೀಕರಣ ನಡೆದದ್ದು 1963ರಲ್ಲಿ. ಅದೇ ವರ್ಷ ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ ಚರ್ಚಿಗೆ ಬಾಂಬಿಟ್ಟು ನಾಲ್ಕು ಹುಡುಗಿಯರನ್ನು ಕೊಂದರು. ಆ ಕಡೆ ಶೂಟಿಂಗ್ ಮಾಡುವುದು ಅಪಾಯ ಎಂದೇ ಇವರು ನ್ಯೂಜೆರ್ಸಿಯಲ್ಲಿ ತೆಗೆದದ್ದು. ಅಂಥ ಕಾಲದಲ್ಲಿ ಕೂತು ರೋಮರ್ ಕೂಲಿಯನ್ನು ತೋರಿಸಿದರು, ಸಂಬಳ ಕೊಡುವವನ ದನಿ ತೋರಿಸಿದರು, ಮಾವನಾದ ಪಾದ್ರಿ ಬಿಳಿಯರ ಮುಂದೆ ಅಳೆದು ತೂಗಿ ಮಾತಾಡುವುದನ್ನು ತೋರಿಸಿದರು. ಅನ್ನದ ದಾರಿ ತನ್ನ ಕೈಯಲ್ಲೇ ಇರುವಾಗ ಪೂರ್ವಗ್ರಹಕ್ಕೆ ಕೈ ಎತ್ತುವ ಅಗತ್ಯವೇ ಬೀಳುವುದಿಲ್ಲ. ಇದನ್ನು ಇಷ್ಟು ನಿಚ್ಚಳವಾಗಿ ಹೇಳಿದ ಇನ್ನೊಂದು ಸಿನಿಮಾ ನಾನು ಕಂಡಿಲ್ಲ.

ರೋಮರ್ ಬಿಳಿಯರು, ಅವರಿಗೆ ಇದು ಹೇಗೆ ದಕ್ಕಿತು ಅಂತ ಹುಡುಗರು ಕೇಳಿಯೇ ಕೇಳುತ್ತಾರೆ. 1928ರಲ್ಲಿ ಬರ್ಲಿನ್ನಿನ ಯಹೂದಿ ಮನೆಯಲ್ಲಿ ಹುಟ್ಟಿದವರು ಅವರು. 1939ರಲ್ಲಿ ಮಕ್ಕಳನ್ನು ನಾಜಿಗಳಿಂದ ಪಾರುಮಾಡಿ ಇಂಗ್ಲೆಂಡಿಗೆ ಸಾಗಿಸಿದರಲ್ಲ, ಆ ಮಕ್ಕಳಲ್ಲಿ ಒಬ್ಬರು. ಚಿತ್ರ ತೆಗೆಯುವ ಮೊದಲು ಯಂಗ್ ಜೊತೆ ಅಮೆರಿಕದ ದಕ್ಷಿಣದ ರಾಜ್ಯಗಳನ್ನು ಸುತ್ತಿ, ಕಪ್ಪು ಜನರ ಮನೆಗಳಲ್ಲೇ ಉಳಿದು ಬಂದಿದ್ದರು.

ಓದುಗರು, ಧಾರವಾಡ

ಜೋಸಿ ಬಗ್ಗೆ ಯಾರೂ ಜಾಸ್ತಿ ಹೇಳಲಿಲ್ಲ, ಅದಕ್ಕ ಬರೀಲಿಕ್ಕತ್ತೀನಿ. ಆಕಿ ಪಾತ್ರ ಮಾಡಿದ್ದು ಜಾಝ್ ಗಾಯಕಿ ಆ್ಯಬಿ ಲಿಂಕನ್. ಕೆಲಸ ಹೋದ ಸಿಟ್ಟಿನ್ಯಾಗ ಡಫ್ ಬಸುರಿ ಹೆಂಡತಿನ್ನ ನೂಕಿಬಿಡ್ತಾನ. ಮಿಲ್ಲಿನ್ಯಾಗ ಆದ ಅವಮಾನ ಅಡಗಿಮನಿತನಕ ಬಂತು ನೋಡ್ರಿ. ನಾವು ತೋರಿಸಿದಾಗ ಹುಡುಗೂರು ‘ಪಾಪ, ಅಂವಗ ಎಷ್ಟ್ ತ್ರಾಸ’ ಅಂದರು. ಹುಡುಗೀರು ಬಿಡಲಿಲ್ಲ, ಅವಂಗ ತ್ರಾಸ ಆದ್ರ ಅದನ್ನ ಆಕಿ ಯಾಕ ಉಣಬೇಕು ಅಂತ ಕೇಳಿದರು. ಭಾಳ ಛಲೋ ಜಗಳ ಆತು. ನನ್ನ ಕೇಳಿದ್ರ ಜೋಸಿನ್ನ ಸ್ವಲ್ಪ ಹೆಚ್ಚಿಗೇನ ತಾಳ್ಮಿಯಾಕಿ ಮಾಡ್ಯಾರ, ಆದರ ಲಿಂಕನ್ ಅವರ ಮುಖದಾಗ ಎಲ್ಲಾ ತಿಳಿತದ. ಆ ದೃಶ್ಯ ಬಿಟ್ಟು ಚರ್ಚಾ ಮಾಡಬ್ಯಾಡ್ರಿ.

ನಿವೃತ್ತ ರೈಲ್ವೆ ನೌಕರರು, ಅರಸೀಕೆರೆ

ಗ್ಯಾಂಗಿನವರ ದುಡಿಮೆ, ರಾತ್ರಿ ಬೋಗಿಯೊಳಗಿನ ಹರಟೆ, ಚೇಷ್ಟೆ ಎಲ್ಲ ನಿಜವಾಗಿದೆ. ನನಗೆ ಮರೆಯಲಾಗದ್ದು ಡಫ್‌ನ ಅಪ್ಪ ತೀರಿಕೊಂಡ ಮೇಲಿನ ಭಾಗ. ಅಪ್ಪನ ವಯಸ್ಸೆಷ್ಟು, ಹುಟ್ಟಿದ್ದೆಲ್ಲಿ ಅಂತ ಕೇಳಿದರೆ ಮಗನಿಗೆ ಗೊತ್ತಿಲ್ಲ. ಅದಾದ ಮೇಲೇ ಡಫ್ ದೂರ ಇಟ್ಟಿದ್ದ ತನ್ನ ಚಿಕ್ಕ ಮಗನನ್ನು ಕರೆದುಕೊಂಡು ಜೋಸಿ ಹತ್ತಿರ ವಾಪಸ್ ಬರುವುದು.

ಓದುಗರು, ಶಿರಸಿ

ಚಿತ್ರ ಒಳ್ಳೆಯದೇ, ಆದರೆ ಅಷ್ಟು ದೂರ ಯಾಕೆ ಹೋಗಬೇಕು? ನಟೇಶ್ ಹೆಗಡೆಯವರ ‘ಪೆಡ್ರೊ’ ಇದೆ, 2021ರದ್ದು, ನಮ್ಮದೇ ಮಲೆನಾಡಿನ ಕನ್ನಡ ಚಿತ್ರ. ಊರಿನ ಕರೆಂಟ್ ಕೆಲಸ ಮಾಡುವ ಪೆಡ್ರೊನ ಕೈಯಿಂದ ಅಕಸ್ಮಾತ್ ಒಂದು ದನ ಸಾಯುತ್ತದೆ, ಊರೇ ಅವನ ಮೇಲೆ ತಿರುಗುತ್ತದೆ. ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ತೋರಿಸಿದ ಚಿತ್ರವನ್ನು ನಮ್ಮ ಮಕ್ಕಳೇ ನೋಡಿಲ್ಲ ಅನ್ನುವುದು ನನಗೆ ನೋವಿನ ವಿಷಯ.

ಮತ್ತೆ ಮೈಸೂರಿನಿಂದ

ಶಿರಸಿಯವರ ನೋವು ನನ್ನದೂ ಹೌದು. ಆದರೂ ಮೇಡಂ, ‘ಪೆಡ್ರೊ’ವನ್ನು ಮುಂದಿನ ತಿಂಗಳಿಗೆ ಇಟ್ಟುಕೊಳ್ಳಿ. ನಮ್ಮ ಊರಿನ ಕಥೆ ಹಾಕಿದ ಕೂಡಲೇ ವಿದ್ಯಾರ್ಥಿಗಳು ಪಕ್ಕದಲ್ಲಿ ಕೂತವರು ಯಾವ ಜನ ಅಂತ ನೋಡಿಕೊಂಡು ಬಾಯಿ ಬಿಗಿಯುತ್ತಾರೆ, ಇಲ್ಲ ಅವರವರ ಪರ ವಾದಕ್ಕೆ ನಿಲ್ಲುತ್ತಾರೆ. ಅಲಬಾಮಾದ ಕಥೆಗೆ ಆ ಬಿಗಿತ ಇರುವುದಿಲ್ಲ. ನಾವು ತೋರಿಸಿದಾಗ ಮಿಲ್ಲಿನ ವಿಷಯವನ್ನು ಮೇಲಿನವರಿಗೆ ಮುಟ್ಟಿಸಿದ್ದು ಯಾರು, ಯಾಕೆ ಮುಟ್ಟಿಸಿರಬಹುದು ಅಂತ ಮಾತ್ರ ಕೇಳಿದೆವು. ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗ ತಾನಾಗಿ ಎದ್ದು, ಬಾಡಿಗೆ ರೂಮು ಕೇಳಲು ಹೋದಾಗ ‘ನೀವು ಯಾವ ಪೈಕಿ’ ಅಂದವರ ಬಗ್ಗೆ ಹೇಳಿದ. ಆಮೇಲೆ ನಾವು ಬಾಯಿ ಹಾಕಬೇಕಾಗಲೇ ಇಲ್ಲ.

ತಯಾರಿ ಬಗ್ಗೆ ಒಂದೆರಡು ಮಾತು. ಅಮೆರಿಕದ ದಕ್ಷಿಣದವರ ಇಂಗ್ಲಿಷ್ ಮಕ್ಕಳ ಕಿವಿಗೆ ಹತ್ತುವುದಿಲ್ಲ, ಸಬ್‌ಟೈಟಲ್ ಇರುವ ಪ್ರತಿಯೇ ಬೇಕು. ಕಥೆಯ ಅರ್ಧಪುಟದ ಕನ್ನಡ ಸಾರಾಂಶ ಹಂಚಿ. ಶುರುವಿಗೆ ಮುಂಚೆ ಒಂದೇ ವಿಷಯ ಹೇಳಿ ಸಾಕು: ಬಣ್ಣದ ಮೇಲೆ ಜನರನ್ನು ಬೇರೆ ಇಡುವುದನ್ನು ತಡೆಯುವ ನಾಗರಿಕ ಹಕ್ಕುಗಳ ಕಾಯ್ದೆ ಜಾರಿಯಾದದ್ದು 1964ರ ಜುಲೈನಲ್ಲಿ, ಚಿತ್ರೀಕರಣ ಆದಮೇಲೆ. ಹಾಡುಗಳ ಭಯ ಬೇಡ, ಹೆಚ್ಚಿನವು ಮೋಟೌನ್ ಎಂಬ ಅಮೆರಿಕದ ಹಾಡಿನ ಕಂಪನಿಯವು, ಹುಡುಗರು ಕೂತಲ್ಲೇ ಕಾಲು ಕುಣಿಸುತ್ತಾರೆ. ಚರ್ಚೆಗೆ ಸಿನಿಮಾದಷ್ಟೇ ಹೊತ್ತು ಇಡಿ. ಹಳ್ಳಿಯಿಂದ ಬಂದು ಹೋಗುವವರಿದ್ದರೆ ಸಂಜೆ ಬಸ್ಸಿನ ಅವಸರ ಇರುತ್ತದೆ, ಬೆಳಗ್ಗೆಯೇ ಹಾಕಿಬಿಡಿ.